ತೊಳೆಯದ ಕೈ

ಮಳೆಗಾಲ ಮುಗಿದ ಮೇಲೆ ವರ್ಷಕ್ಕೊಂದು ಸಲ ನಮ್ಮ ಮನೆಯಲ್ಲಿ ಹೆತ್ತೆಯ ಮುಖಕ್ಕೆ ಆಲೂಗಡ್ಡೆ ತಿಕ್ಕುತ್ತಿದ್ದರು. ಹೆತ್ತೆ ಎಂದರೆ ನಮ್ಮ ಬಡಗ ಮಾತಿನಲ್ಲಿ ಅಜ್ಜಿ. ತಿಕ್ಕುತ್ತಿದ್ದದ್ದು ಅಪ್ಪನ ತಾಯಿಯ ನಿಜವಾದ ಮುಖಕ್ಕಲ್ಲ, ಗೋಡೆಯ ಮೇಲೆ ನೇತುಹಾಕಿದ್ದ ಎಣ್ಣೆಬಣ್ಣದ ಮುಖಕ್ಕೆ. ಬಿಸಿಲು ಬಿದ್ದ ಮೊದಲ ಭಾನುವಾರ ಅಪ್ಪ ಪಟವನ್ನು ಇಳಿಸಿ ಅಂಗಳದ ಕಲ್ಲಿನ ಮೇಲೆ ಮಲಗಿಸುತ್ತಿದ್ದ. ಅವ್ವೆ ಒಂದು ಒಳ್ಳೆ ಗಡ್ಡೆ ಆರಿಸಿ ಎರಡು ಹೋಳು ಮಾಡುತ್ತಿದ್ದಳು. ಅತ್ತೆ, ಅಂದರೆ ಅಪ್ಪನ ಅಕ್ಕ, ಪಕ್ಕದ ಹಟ್ಟಿಯಿಂದ ಇದಕ್ಕೆಂದೇ ಬಂದು, ಸೆರಗು ಸಿಕ್ಕಿಸಿ ಕೂತು, ಪಟದ ಕಿವಿಯಿಂದ ಗಲ್ಲದವರೆಗೆ ಹಬ್ಬಿದ್ದ ಹಸಿರನ್ನು ಮೆಲ್ಲಗೆ ಉಜ್ಜುತ್ತಿದ್ದಳು. ಅದು ಬೂಷ್ಟು ಎಂಬುದರಲ್ಲಿ ಯಾರಿಗೂ ಸಂಶಯವಿರಲಿಲ್ಲ. ನೀಲಗಿರಿಯ ಮಳೆಯಲ್ಲಿ ಚಪ್ಪಲಿಗೆ ಬೂಷ್ಟು, ಬೆಲ್ಟಿಗೆ ಬೂಷ್ಟು, ದೇವರ ಪಟಕ್ಕೂ ಬೂಷ್ಟು, ಹೆತ್ತೆಗೆ ಯಾಕಿರಬಾರದು? ಔಷಧದ ಬಗ್ಗೆಯೂ ಸಂಶಯವಿರಲಿಲ್ಲ. ಚಹಾ ಬರುವ ಮೊದಲು ನಮ್ಮ ಹೊಲಗಳಲ್ಲಿ ಬೆಳೆದದ್ದೇ ಆಲೂಗಡ್ಡೆ, ಮನೆ ಹಿಂದೆ ಒಂದು ಪಟ್ಟಿ ಈಗಲೂ ಇದೆ. ಕೈ ಸುಟ್ಟರೆ ಆಲೂಗಡ್ಡೆ, ಉದಕಕ್ಕೆ, ಅಂದರೆ ಸಾರಿಗೆ, ಉಪ್ಪು ಹೆಚ್ಚಾದರೆ ಆಲೂಗಡ್ಡೆ, ಕನ್ನಡಿ ಮಂಕಾದರೆ ಆಲೂಗಡ್ಡೆ. ಹಾಗಾಗಿ ಹೋಳು ಒಲೆಯ ಮಸಿ ಹತ್ತಿ ಕಪ್ಪಾದ ಮೇಲೆ ಅತ್ತೆ ತಲೆ ಹಿಂದಕ್ಕೆ ತೆಗೆದು ನೋಡಿ ಹೇಳುತ್ತಿದ್ದಳು:

"ಈ ಸಲ ಸ್ವಲ್ಪ ಇಳಿದಿದೆ."

ಎಲ್ಲರೂ ಹೌದು ಹೌದು ಎನ್ನುತ್ತಿದ್ದರು. ನನಗೆ ಬುದ್ಧಿ ಬಂದಾಗಿನಿಂದ ಅದು ಪ್ರತಿವರ್ಷ ಸ್ವಲ್ಪ ಇಳಿಯುತ್ತಲೇ ಇತ್ತು, ಮತ್ತು ಇದ್ದಷ್ಟೇ ಇತ್ತು.

ಪಟ ಅರ್ಧ ಬಾಗಿಲಿನಷ್ಟು ದೊಡ್ಡದು. ಹೆತ್ತೆ ಮದುವೆಯಾಗಿ ಬಂದ ಹೊಸತರಲ್ಲಿ ಹಟ್ಟಿಯ ಮೇಲಿನ ಬಂಗಲೆಯಲ್ಲಿ ಒಬ್ಬ ಜರ್ಮನಿಯವನು ಒಂದಷ್ಟು ತಿಂಗಳು ಇದ್ದನಂತೆ. ದೊಡ್ಡ ಯುದ್ಧ ಮುಗಿದು ಬಹಳ ವರ್ಷವಾಗಿತ್ತು, ಅವನ ಮುಖದಲ್ಲಿ ಮಾತ್ರ ಮುಗಿದಿರಲಿಲ್ಲ ಎಂದು ಹೆತ್ತೆ ಹೇಳುತ್ತಾಳೆ. ಊರವರಿಗೆ ಅವನು ಜರ್ಮನ್ ದೊರೆ. ಅವನ ಹೆಸರು ನನ್ನನ್ನು ಕೇಳಬೇಡಿ. ಪಟದ ಮೂಲೆಯಲ್ಲಿ ಎರಡು ಅಕ್ಷರ, ಒಂದು ಕೊಕ್ಕೆ ಇವೆ, ಅಷ್ಟರಿಂದ ಯಾರನ್ನೂ ಪತ್ತೆಹಚ್ಚಲು ನನಗಾಗಿಲ್ಲ, ಆಗಿದೆ ಎಂದು ಸುಳ್ಳು ಹೇಳಲಾರೆ. ಹೋಗುವಾಗ ಪಟವನ್ನು ಕಂಬಳಿಯಲ್ಲಿ ಸುತ್ತಿ ನಮ್ಮ ಅಂಗಳದಲ್ಲಿ ಇಟ್ಟು ಹೋದ. ತಾತ ಚಹಾ ಪೆಟ್ಟಿಗೆಯ ಹಲಗೆ ಒಡೆದು ಅದಕ್ಕೆ ಚೌಕಟ್ಟು ಕಟ್ಟಿದ. ಆಮೇಲೆ ಅದನ್ನು ಒಳಮನೆಯಲ್ಲಿ, ಬಾಗಿಲು ತೆರೆದರೆ ಬಾಗಿಲ ಹಿಂದೆ ಮುಚ್ಚಿಹೋಗುವ ಗೋಡೆಗೆ ತಗುಲಿಹಾಕಿದರು. ಪಟವನ್ನು ನೋಡಿದರೆ ಯಾಕೆಂದು ಗೊತ್ತಾಗುತ್ತದೆ. ಹಸಿರು ಸೊಪ್ಪಿನ ಆಲೂಗಡ್ಡೆ ಸಾಲುಗಳ ನಡುವೆ ಮಂಡಿಯೂರಿದ ಹುಡುಗಿ. ನಮ್ಮ ಹೆಂಗಸರು ಉಡುವಂತೆ ಎದೆಯಿಂದ ಕೆಳಗೆ ಬಿಳಿ ಬಟ್ಟೆ, ತಲೆಗೊಂದು ಬಿಳಿ ವಸ್ತ್ರ. ಕೆನ್ನೆಯಿಂದ ಗಲ್ಲದವರೆಗೆ ಹಸಿರು. ಸಿಟ್ಟು ನುಂಗಿಕೊಂಡಂತೆ ಬಿಗಿದ ಬಾಯಿ. ಎಲ್ಲಕ್ಕಿಂತ ಮುಂದೆ, ನೋಡುವವರ ಮೂಗಿನ ಬಳಿಗೇ ಬಂದಂತೆ, ಎರಡು ಕೈ. ಒಂದೊಂದು ಕೈಯೂ ಅವಳ ಮುಖದಷ್ಟು ದೊಡ್ಡದು, ಕಂದು, ದಪ್ಪ. ಅಲ್ಲಿ ಬಣ್ಣವನ್ನು ಹಚ್ಚಿಲ್ಲ, ಮೆತ್ತಿದ್ದಾನೆ. ಕಣ್ಣು ಮುಚ್ಚಿ ಬೆರಳಾಡಿಸಿದರೂ ಕೈ ಯಾವುದು ಎಂದು ತಿಳಿಯುತ್ತದೆ. ಮೊನ್ನೆ ಮೊನ್ನೆ ಚಿತ್ರಕಲೆ ಕಲಿಸುವ ಗೆಳತಿಗೆ ಇದರ ಫೋಟೋ ತೋರಿಸಿದಾಗ, ಯುದ್ಧ ಕಂಡ ಆ ದೇಶದವರಲ್ಲಿ ಕೆಲವರು ಹೀಗೆ ಬರೆದರು ಎಂದಳು: ಕಂಡದ್ದನ್ನು ಬಿಡದೆ, ಕಂಡ ಹಾಗೆಯೂ ಬಿಡದೆ. ಮಾತು ಚೆನ್ನಾಗಿದೆ. ಆದರೆ ನಮ್ಮ ಹಟ್ಟಿಯವರಿಗೆ ಅಂದು ಕಂಡದ್ದು ಇಷ್ಟೇ: ಹಸಿರು ಮುಖದ, ಸಿಡುಕು ಬಾಯಿಯ, ಗಂಡಸಿನ ಕೈಯ ಸೊಸೆ.

ನನ್ನ ವಿಷಯಕ್ಕೆ ಬರುತ್ತೇನೆ. ಆರನೇ ಕ್ಲಾಸಿನಲ್ಲಿ ಊಟಿಯ ಶಾಲೆಯ ಚರ್ಚಾಕೂಟಕ್ಕೆ ಸೇರಿದೆ. ಅಲ್ಲಿನ ಟೀಚರ್ ನಮಗೆ ಕಲಿಸಿದ ಮೊದಲ ನಿಯಮ: ಎದುರಾಳಿಯ ಮಾತನ್ನು ಅವರಿಗಿಂತ ಚೆನ್ನಾಗಿ ಹೇಳು, ಆಮೇಲೆ ಮುರಿ. ಎರಡನೆಯದು: ಎಲ್ಲರೂ ಒಪ್ಪಿದ ಮಾತನ್ನು ಮೊದಲು ಹಿಡಿ, ಅದನ್ನು ಯಾರೂ ಪರೀಕ್ಷೆ ಮಾಡಿರುವುದಿಲ್ಲ. ಈ ಎರಡು ನಿಯಮ ಕಲಿತ ಹನ್ನೊಂದು ವರ್ಷದ ಹುಡುಗಿ ಇರುವ ಮನೆಯಲ್ಲಿ ಊಟ ಹೇಗಿರುತ್ತದೆ, ನೀವೇ ಊಹಿಸಿ. ತಟ್ಟೆಯಲ್ಲಿ ರಾಗಿ ಹಿಟ್ಟು, ಅವರೆ ಉದಕ; ಅದರ ಮೇಲೆ ನನ್ನ ಪ್ರಶ್ನೆ. ಅಪ್ಪ ನನ್ನನ್ನು ವಕೀಲಮ್ಮ ಎಂದು ಕರೆಯತೊಡಗಿದ. ಅವ್ವೆ ದಿನವಿಡೀ ತೋಟದಲ್ಲಿ ಸೊಪ್ಪು ಕಿತ್ತು ಬಂದವಳು, "ವಕೀಲಮ್ಮ, ಮೊದಲು ನುಂಗು, ಆಮೇಲೆ ವಾದಿಸು" ಎನ್ನುತ್ತಿದ್ದಳು. ಅತ್ತೆಗೆ ಮಾತ್ರ ನನ್ನ ವಾದವೆಂದರೆ ನಿಜವಾದ ಜಗಳ, ಅವಳು ಪೂರ್ತಿ ಬಲ ಹಾಕುತ್ತಿದ್ದಳು. ಅದಕ್ಕೆ ನಾನು ಅವಳಿಗೆ ಇಂದಿಗೂ ಋಣಿ. ಅವರೆಲ್ಲ ಆಡಿದ್ದು ಬಡಗದಲ್ಲಿ, ನಾನು ಬರೆಯುತ್ತಿರುವುದು ಮೈಸೂರಿನಲ್ಲಿ ಓದಿ ಕಲಿತ ಕನ್ನಡದಲ್ಲಿ. ಅತ್ತೆಯ ಮಾತಿನ ಖಾರ ದಾರಿಯಲ್ಲಿ ಸ್ವಲ್ಪ ಇಳಿದಿದ್ದರೆ ತಪ್ಪು ನನ್ನದು.

ಎಲ್ಲರೂ ಒಪ್ಪಿದ ಮಾತು ನಮ್ಮ ಮನೆಯಲ್ಲಿ ಒಂದಿದ್ದರೆ ಅದು ಬೂಷ್ಟು. ಆ ವರ್ಷ ಮಳೆ ಹಿಡಿಯುವ ಮುಂಚೆ ಪಟದ ಹಸಿರಿಗೆ ದಾರ ಹಿಡಿದು, ಕಿವಿಯ ಬುಡದಿಂದ ಗಲ್ಲದ ತುದಿಗೆ ಅಳೆದು, ಎರಡು ಗಂಟು ಹಾಕಿ, ದಾರವನ್ನು ಪೆನ್ಸಿಲ್ ಡಬ್ಬಿಯಲ್ಲಿಟ್ಟೆ. ಮಳೆ ಬಂತು. ಚಪ್ಪಲಿ ಹಸಿರಾಯಿತು, ಗೋಡೆ ಹಸಿರಾಯಿತು. ಮಳೆ ಹೋದ ಮೇಲೆ ಅಳೆದರೆ ಗಂಟಿಗೆ ಗಂಟು ಸರಿಯಾಗಿ ಕೂತಿತು. ಒಂದು ಎಳೆ ಹೆಚ್ಚಿಲ್ಲ. ಅತ್ತೆ ಉಜ್ಜಿದ ಮೇಲೆ ಮತ್ತೆ ಅಳೆದೆ. ಒಂದು ಎಳೆ ಕಡಿಮೆಯೂ ಇಲ್ಲ. ಜೊತೆಗೆ ಉಜ್ಜಿದ ಹೋಳನ್ನು ಕದ್ದು ನೋಡಿದೆ: ಮಸಿ ಇದೆ, ಹಸಿರು ಇಲ್ಲ. ಎರಡು ಸಾಕ್ಷಿ ಕೈಯಲ್ಲಿತ್ತು. ಸಭೆ ಸೇರಲಿ ಎಂದು ಕಾದೆ.

ಸಭೆ ಸೇರಿದ್ದು ಚಿಕ್ಕಪ್ಪನ ಮದುವೆಯ ನೆಪದಲ್ಲಿ. ಚಿಕ್ಕಪ್ಪ ಹೆತ್ತೆಯ ಕಿರಿಯ ಮಗ. ಹೆಣ್ಣಿನ ಕಡೆಯವರು ದೊಡ್ಡ ಹಟ್ಟಿಯವರು, ನೂರು ಕಣ್ಣಿನಿಂದ ಮನೆ ನೋಡುವವರು. ಸುಣ್ಣ ಬಳಿಯಲು ಸಾಮಾನೆಲ್ಲ ಹೊರಗೆ ಬಂದಾಗ ಪಟವೂ ಬಾಗಿಲ ಹಿಂದಿನಿಂದ ಬಂತು. ಅತ್ತೆ ಅದನ್ನು ಬಿಸಿಲಲ್ಲಿ ನೋಡಿ ಸೊಂಟಕ್ಕೆ ಕೈಯಿಟ್ಟಳು.

"ಇದನ್ನ ಹೀಗೇ ಬಿಟ್ಟರೆ, ಬಂದವರು ಗಂಡಿನ ತಾಯಿಗೆ ಏನೋ ರೋಗ ಇತ್ತು ಅಂತಾರೆ. ಊಟಿಯ ಬೋರ್ಡ್ ಬರೆಯೋ ಮಣಿಗೆ ಹೇಳಿದ್ದೀನಿ. ಭಾನುವಾರ ಬಂದು ಮುಖ ಸರಿಮಾಡಿ, ಆ ಕೈ ಸಣ್ಣ ಮಾಡಿ ಕೊಡ್ತಾನೆ. ಅಂಗಡಿ ಬೋರ್ಡಿನ ಮೇಲೆ ಅವನು ಬರೆದ ಹೆಂಗಸರನ್ನ ನೋಡಿದ್ದೀರಲ್ಲ? ರೋಜಾ ಹೂವಿನ ಬಣ್ಣ."

ನಾನು ದಾರ ತೆಗೆದೆ. ನಿಯಮದಂತೆ ಮೊದಲು ಎದುರಾಳಿಯ ವಾದ ಹೇಳಿದೆ, ಆಮೇಲೆ ಗಂಟು ತೋರಿಸಿದೆ, ಹೋಳಿನ ಮಾತು ಹೇಳಿದೆ, ಇದು ಬೂಷ್ಟಲ್ಲ ಬಣ್ಣ ಎಂದು ಸಾಧಿಸಿದೆ. ಅಪ್ಪ ದಾರ ಹಿಡಿದು ತಾನೇ ಅಳೆದು, "ಅರೆ, ಹೌದಲ್ಲ!" ಎಂದ. ಇಷ್ಟು ವರ್ಷದ ಆಲೂಗಡ್ಡೆ ಲೆಕ್ಕಹಾಕಿದವಳಂತೆ ಅವ್ವೆ ನಿಟ್ಟುಸಿರುಬಿಟ್ಟಳು. ನಾನು ಚಪ್ಪಾಳೆಗೆ ಕಾದೆ. ಅತ್ತೆ ಒಂದು ಗಳಿಗೆ ಕೂಡ ಯೋಚಿಸಲಿಲ್ಲ.

"ಹಾಗಾದ್ರೆ ಇನ್ನೂ ಕೆಟ್ಟದಾಯ್ತಲ್ಲ ವಕೀಲಮ್ಮ! ಬೂಷ್ಟು ಅಂದ್ರೆ ಮಳೆ ತಂದದ್ದು, ಯಾರ ತಪ್ಪೂ ಅಲ್ಲ. ಬಣ್ಣ ಅಂದ್ರೆ ಅವನು ಬೇಕು ಅಂತಲೇ ಬಳಿದದ್ದು. ಚೆನ್ನಾಗಿರೋ ಹುಡುಗಿಗೆ ಹಸಿರು ಬಳೀತಾರಾ ಯಾರಾದ್ರೂ? ಹೇಳು, ಬಳೀತಾರಾ?"

ಗೆದ್ದ ವಾದವೇ ಎದುರಾಳಿಯ ಕೈಗೆ ದೊಣ್ಣೆ ಕೊಡಬಹುದು ಎಂದು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಭಾನುವಾರಕ್ಕೆ ನಾಲ್ಕು ದಿನ ಇತ್ತು. ನನಗೆ ಆ ಪಟ ಯಾಕೆ ಬೇಕಿತ್ತು ಎಂದು ಈಗ ಕೇಳಿದರೆ, ಅದು ಚೆಂದ ಎಂದಲ್ಲ. ಅದು ಯಾರಿಗೂ ಹೆದರದ ಹಾಗೆ ಇತ್ತು. ನಮ್ಮ ಮನೆಯ ಉಳಿದ ಪಟಗಳಲ್ಲಿ ಎಲ್ಲರೂ ಸ್ಟುಡಿಯೋ ಕುರ್ಚಿಯಲ್ಲಿ ಉಸಿರು ಹಿಡಿದು ಕೂತಿದ್ದರು. ಇವಳೊಬ್ಬಳೇ ಕೆಲಸದ ನಡುವೆ ತಲೆಯೆತ್ತಿ ಏನು ಎಂದು ಕೇಳುವಂತಿದ್ದಳು. ಅವಳಿಗೆ ರೋಜಾ ಬಣ್ಣ ಬಳಿದರೆ ನನ್ನ ಕಡೆಯವರು ಆ ಮನೆಯಲ್ಲಿ ಯಾರೂ ಉಳಿಯುತ್ತಿರಲಿಲ್ಲ.

ಉತ್ತರ ಶನಿವಾರ ಬೆಳಿಗ್ಗೆ ತಾನಾಗಿ ಬಂದು ಕೂತಿತು. ಮದುವೆ ಕೆಲಸಕ್ಕೆಂದು ನಮ್ಮಲ್ಲೇ ಉಳಿದಿದ್ದ ಅತ್ತೆ ಬೇರೊಂದು ಹಟ್ಟಿಯ ಪೂಜೆಗೆ ಹೊರಟು, ಪೂರ್ತಿ ಬಿಳಿ ಉಟ್ಟು, ತಲೆಗೆ ಬಿಳಿ ವಸ್ತ್ರ ಕಟ್ಟಿ, ಜೀಪು ಬರಲೆಂದು ಅಂಗಳದ ಅಂಚಿನ ಕಲ್ಲಿನ ಮೇಲೆ ಕೂತಿದ್ದಳು. ಮಂಜು ಆಗಷ್ಟೇ ಹರಿದು ಬಿಸಿಲು ಚಹಾ ಗಿಡಗಳ ಮೇಲೆ ನೇರ ಬಿದ್ದಿತ್ತು, ಎಳೆ ಸೊಪ್ಪು ಹೊಳೆಯುತ್ತಿತ್ತು. ನಾನು ಹಲ್ಲುಜ್ಜುತ್ತಾ ನೋಡುತ್ತೇನೆ: ಸೊಪ್ಪಿನ ಹಸಿರು ಅತ್ತೆಯ ಬಿಳಿ ಬಟ್ಟೆಗೆ ಹತ್ತಿ, ಬಟ್ಟೆಯಿಂದ ಮೇಲೇರಿ, ಅವಳ ಗಲ್ಲದಡಿ ಹಬ್ಬಿ ಕಿವಿಯವರೆಗೆ ಹೋಗಿದೆ.

"ಅತ್ತೆ, ಅಲ್ಲಾಡಬೇಡಿ!"

"ಏನೇ? ಹುಳಾನಾ? ಎಲ್ಲಿ, ಎಲ್ಲಿ?"

"ಹುಳ ಅಲ್ಲ. ನಿಮ್ಮ ಮುಖ ಹಸಿರು!"

ಬಾಯಿಯ ನೊರೆ ಉಗಿಯದೆ ಒಳಗೆ ಓಡಿ ಕನ್ನಡಿ ತಂದೆ. ಅತ್ತೆ ನೋಡಿಕೊಂಡಳು. ಕನ್ನಡಿ ಸರಿಯಿಲ್ಲ ಎಂದಳು. ಅವ್ವೆಯನ್ನು ಕರೆದಳು, ಅವ್ವೆ ನೋಡಿ ಬಾಯಿಗೆ ಸೆರಗು ಅಡ್ಡ ಹಿಡಿದಳು. ಅಪ್ಪ ಬಂದ. ಅತ್ತೆ ಎದ್ದು ಸುಣ್ಣದ ಗೋಡೆಯ ಪಕ್ಕ ನಿಂತಳು, ಹಸಿರು ಹೋಯಿತು. ಕಲ್ಲಿಗೆ ಬಂದು ಕೂತಳು, ಹಸಿರು ಬಂತು. ಮೂರು ಸಲ ಎದ್ದಳು, ಮೂರು ಸಲ ಕೂತಳು. ಅಷ್ಟರಲ್ಲಿ ಜೀಪು ಬಂದು ಹಾರ್ನ್ ಹೊಡೆಯುತ್ತಿತ್ತು.

"ಮೂಳಿ ಅತ್ತೇ ಅಂತ ಬೈಕೋಬೇಡ," ಎಂದಳು ಕೊನೆಗೆ, ಕನ್ನಡಿಯನ್ನು ನನ್ನ ಕೈಗೆ ತುರುಕುತ್ತಾ. "ಹಸಿರು ನಿಜ. ಒಪ್ಪಿದೆ. ಕಣ್ಣಿದ್ದವನೇ ಬರೆದಿದ್ದಾನೆ. ಮಣಿಗೆ ಬರಬೇಡ ಅಂತ ಹೇಳ್ತೀನಿ."

ಅದು ನನ್ನ ಜೀವನದ ಮೊದಲ ದೊಡ್ಡ ಗೆಲುವು. ಅದು ಎಷ್ಟು ಹೊತ್ತು ಇತ್ತು ಎಂದರೆ, ಬಾಗಿಲ ಮೆಟ್ಟಿಲ ಮೇಲೆ ಕೂತು ಅವರೆ ಸುಲಿಯುತ್ತಿದ್ದ ಹೆತ್ತೆ ತಲೆಯೆತ್ತುವಷ್ಟು ಹೊತ್ತು.

"ಮಣಿ ಬರಲಿ," ಎಂದಳು ಹೆತ್ತೆ. "ಹಸಿರು ಇದ್ದರೆ ಇರಲಿ, ನನಗೇನು. ಅವನು ಬಂದು ನನ್ನ ಕೈ ತೊಳೆದುಕೊಟ್ಟರೆ ಸಾಕು."

ಒಂದು ಮಳೆಗಾಲವಿಡೀ ನಾನು ಆ ಪಟಕ್ಕಾಗಿ ಸಾಕ್ಷಿ ಕೂಡಿಸಿದ್ದೆ. ಪಟದಲ್ಲಿದ್ದವಳನ್ನು ಒಂದು ಮಾತು ಕೇಳಿರಲಿಲ್ಲ. ಎದುರಾಳಿಯ ಮಾತು ಹೇಳಲು ಕಲಿತಿದ್ದೆ, ಕಕ್ಷಿದಾರಳ ಮಾತು ಕೇಳಲು ಕಲಿತಿರಲಿಲ್ಲ. ಈಗ ಕೇಳಿದೆ, ತಡವಾಗಿ, ಅವಳ ಪಕ್ಕ ಮೆಟ್ಟಿಲ ಮೇಲೆ ಕೂತು. ಹೆತ್ತೆ ಅವರೆ ಬಿಡಿಸುತ್ತಲೇ ಹೇಳಿದಳು. ಗಡ್ಡೆ ಅಗೆಯುವ ಕಾಲ. ಅತ್ತೆಮಾವ, ಊರವರು ಎಲ್ಲ ಹೊಲದಲ್ಲಿ. ಜರ್ಮನ್ ದೊರೆ ಬಂಗಲೆಯ ಅಡುಗೆಯವನನ್ನು ಮಾತಿಗೆ ಜೊತೆ ಮಾಡಿಕೊಂಡು ಬಂದ. ಇವಳ ಬುಟ್ಟಿಯಿಂದ ಒಂದು ಗಡ್ಡೆ ಎತ್ತಿಕೊಂಡ.

"ಎತ್ತಿಕೊಂಡು ಮಣ್ಣು ಸಮೇತ ಕಚ್ಚಿಬಿಟ್ಟ, ಕೂಸೇ. ಹಸಿ ಗಡ್ಡೆ! ನನಗೆ ನಗು ತಡೆಯೋಕಾಗಲಿಲ್ಲ. ಹಿಂದೆ ನನ್ನ ಅತ್ತೆ ನಿಂತಿದ್ದಾಳೆ, ಹೊಸ ಸೊಸೆ ಪರ ಗಂಡಸಿನ ಮುಂದೆ ಹಲ್ಲು ಬಿಡೋ ಹಾಗಿಲ್ಲ. ತುಟಿ ಕಚ್ಚಿ ಕೂತೆ. ಅವನು ನಗಲಿಲ್ಲ. ಅಡುಗೆಯವನು ಹೇಳಿದ, ಅವನ ಊರಲ್ಲಿ ಯುದ್ಧ ಮುಗಿದ ಮೇಲೆ ತಿನ್ನೋಕೆ ಇಲ್ಲದೆ, ಬೇರೆಯವರು ಅಗೆದು ಬಿಟ್ಟ ಹೊಲವನ್ನ ಜನ ಬರಿಗೈಲಿ ಮತ್ತೆ ಕೆದಕಿದರಂತೆ, ಉಳಿದ ಗಡ್ಡೆ ಸಿಗುತ್ತಾ ಅಂತ. ಆಮೇಲೆ ಅವನು ನನ್ನನ್ನ ಹಾಗೇ ಕೂರು ಅಂದ. ಕೈ ತೊಳ್ಕೊಂಡು ಬರ್ತೀನಿ ಅಂತ ಎದ್ದೆ. ಬೇಡ, ಬೇಡ ಅಂತ ಎರಡು ಕೈ ಅಡ್ಡ ಹಿಡಿದ. ನೋಡಿದ್ದೆಲ್ಲ ನನ್ನ ಕೈಯನ್ನೇ. ಮುಖ ನೋಡಿದ್ದು ಕಡಿಮೆ."

ದೊಡ್ಡ ಕೈ ಅಲ್ಲ ಅದು. ಒದ್ದೆ ಮಣ್ಣು ಮಣಿಕಟ್ಟಿನವರೆಗೆ ಮೆತ್ತಿಕೊಂಡ ಕೈ. ನಮ್ಮ ಮನೆಯಲ್ಲಿ ಗಡ್ಡೆ ಅಗೆದ ಯಾರಿಗಾದರೂ ಗೊತ್ತಿರಬೇಕಿತ್ತು, ನನಗೂ. ಪಟ ಮನೆಗೆ ಬಂದ ದಿನ ಹೆತ್ತೆಯ ಅತ್ತೆ ಅದನ್ನು ನೋಡಿ, ಕೈ ತೊಳೆಯದೆ ಪಟಕ್ಕೆ ಕೂತವಳು ಎಂದು ಬಾಗಿಲ ಹಿಂದೆ ಹಾಕಿಸಿದಳು. ಹಟ್ಟಿಯ ಹೆಂಗಸರು ನೀರಿನ ಹತ್ತಿರ ಅವಳಿಗೆ ಮಣ್ಣುಕೈ ಎಂದು ಹೆಸರಿಟ್ಟರು. ಆ ಹೆಸರು ಅವಳಿಗೆ ಮೂರನೇ ಮಗು ಆಗುವವರೆಗೂ ಹೋಗಲಿಲ್ಲವಂತೆ.

"ಈಗ ಇನ್ನೊಬ್ಬಳು ಸೊಸೆ ಬರ್ತಾಳೆ," ಎಂದಳು ಹೆತ್ತೆ. "ದೊಡ್ಡ ಮನೆ ಹುಡುಗಿ. ಅವಳು ಬಂದು ಮೊದಲು ನೋಡೋದು ಅತ್ತೆಯ ಕೊಳೆ ಕೈನಾ? ಬಿಡು ಕೂಸೇ. ನಿನ್ನ ವಾದ ನಿನ್ನ ಶಾಲೆಗೆ ಇರಲಿ."

ಇದಕ್ಕೆ ಎದುರುವಾದ ಹೂಡುವ ಹಕ್ಕು ನನಗಿರಲಿಲ್ಲ, ಕೈ ಅವಳದು.

ಭಾನುವಾರ ಮಣಿ ಬಂದ. ತೆಳ್ಳನೆಯ ಮನುಷ್ಯ, ಅಂಗಿಯ ತುಂಬ ಎಲ್ಲ ಅಂಗಡಿಗಳ ಬಣ್ಣ. ಪಟವನ್ನು ಸ್ಟೂಲಿನ ಮೇಲೆ ಒರಗಿಸಿ, ಡಬ್ಬಿಗಳ ಮುಚ್ಚಳ ತೆಗೆದ. ಒಂದು ಸಲ ಪಟದ ಹತ್ತಿರಕ್ಕೆ ಮೂಗು ತಂದ, ಒಂದು ಸಲ ಅಂಗಳದ ಆ ಕೊನೆಗೆ ಹೋಗಿ ನಿಂತು ನೋಡಿದ. ಹೊಗಳಲಿಲ್ಲ, ತೆಗಳಲಿಲ್ಲ. ಕೆಲಸಕ್ಕೆ ಕರೆದಿದ್ದಾರೆ, ಕೆಲಸ ಮಾಡಬೇಕು.

"ಪಾಟಿ, ಕೈ ತೋರಿಸಿ," ಎಂದ. ಊಟಿಯ ತಮಿಳಿನಲ್ಲಿ ಪಾಟಿ ಎಂದರೆ ಅಜ್ಜಿ. "ನಿಮ್ಮ ಕೈ ಬಣ್ಣ ನೋಡಿ ಕಲಸಬೇಕು."

ಹೆತ್ತೆ ಕೈ ಚಾಚಿದಳು. ಬೆಳಗಿನಿಂದ ಅವಳು ಬೂದಿ ಹಾಕಿ, ಹುಣಸೆ ಹಾಕಿ, ಕೊನೆಗೆ ಚಿಕ್ಕಪ್ಪನ ವಾಸನೆ ಸೋಪು ಹಾಕಿ ತೊಳೆದ ಕೈ. ಚರ್ಮ ಕೆಂಪಗೆ ಸುಕ್ಕಾಗಿತ್ತು. ಮಣಿ ಅದನ್ನು ತನ್ನ ಅಂಗೈಯಲ್ಲಿಟ್ಟು ಪಟದ ಪಕ್ಕ ಹಿಡಿದ. ಬೆರಳ ಗೆರೆಗಳಲ್ಲಿ, ಉಗುರ ಬುಡದಲ್ಲಿ, ಹೆಬ್ಬೆರಳ ಪಕ್ಕದ ಸೀಳುಗಳಲ್ಲಿ ಕಪ್ಪು ಎಳೆಗಳು ನಿಂತಿದ್ದವು: ಚಹಾ ಸೊಪ್ಪಿನ ಕರೆ, ಅದರಡಿ ಮಣ್ಣು.

"ಈ ಗೆರೆ ಹಾಕ್ಲಾ, ಬಿಡ್ಲಾ?"

ಹೆತ್ತೆ ಇನ್ನೊಂದು ಕೈಯ ಹೆಬ್ಬೆರಳಿನಿಂದ ಗೆರೆಯನ್ನು ಉಜ್ಜಿದಳು. ಸೆರಗು ಒದ್ದೆ ಮಾಡಿ ಉಜ್ಜಿದಳು. ಅಭ್ಯಾಸಬಲ, ಅತ್ತೆ ಒಳಗೆ ಹೋಗಿ ಅರ್ಧ ಆಲೂಗಡ್ಡೆ ತಂದಳು. ಅದರಿಂದಲೂ ಉಜ್ಜಿದರು.

"ಅದು ಹೋಗಲ್ಲ," ಎಂದಳು ಹೆತ್ತೆ, ಮೆಲ್ಲಗೆ.

"ಹಾಗಾದ್ರೆ ಹೇಗೆ ಪಾಟಿ? ಗೆರೆ ಬಿಟ್ಟು ಬರೆದರೆ ಅದು ನಿಮ್ಮ ಕೈ ಆಗಲ್ಲ, ಬೋರ್ಡ್ ಹೆಂಗಸಿನ ಕೈ ಆಗುತ್ತೆ. ಗೆರೆ ಹಾಕಿ ಬರೀ ಅಂದ್ರೆ ಅದನ್ನ ಮೊದಲಿನವನು ಆಗಲೇ ಬರೆದು ಹೋಗಿದ್ದಾನೆ. ನಾನು ತೊಳೀಬೇಕಾದ್ದು ಯಾವುದು, ತೋರಿಸಿ."

ಚರ್ಚಾಕೂಟದಲ್ಲಿ ಆಮೇಲೆ ಎಷ್ಟೋ ಒಳ್ಳೆಯ ಮಾತು ಕೇಳಿದ್ದೇನೆ. ಇಷ್ಟು ನೆಟ್ಟಗಿನದು ಕೇಳಿಲ್ಲ. ಅದೂ ಗೆಲ್ಲಬೇಕೆಂದು ಆಡಿದ ಮಾತಲ್ಲ, ಅವನಿಗೆ ನಿಜವಾಗಿಯೂ ಯಾವ ಬಣ್ಣ ಕಲಸಬೇಕೆಂದು ತಿಳಿಯಬೇಕಿತ್ತು. ಹೆತ್ತೆ ತನ್ನ ಕೈ ನೋಡಿಕೊಂಡಳು, ಪಟದ ಕೈ ನೋಡಿದಳು. ಬಾಗಿಲ ಹಿಂದಿನ ಕತ್ತಲೆಯಲ್ಲಲ್ಲದೆ ಬಿಸಿಲಲ್ಲಿ ಅವಳು ಅದನ್ನು ಅಷ್ಟು ಹೊತ್ತು ನೋಡಿದ್ದು ಅದೇ ಮೊದಲಿರಬೇಕು. ನೋಡುತ್ತಾ ನೋಡುತ್ತಾ ಅವಳ ತುಟಿ ಬಿಗಿಯಿತು. ನಾನು ಪಟದ ಬಾಯಿ ನೋಡಿದೆ, ಅವಳ ಬಾಯಿ ನೋಡಿದೆ. ಒಂದೇ ಬಾಯಿ. ಇಷ್ಟು ವರ್ಷ ನಾವೆಲ್ಲ ಸಿಟ್ಟು ಎಂದುಕೊಂಡಿದ್ದದ್ದು ಸಿಟ್ಟಾಗಿರಲಿಲ್ಲ, ತಡೆದ ನಗು. ಈಗ ಹಿಂದೆ ಅವಳ ಅತ್ತೆ ನಿಂತಿರಲಿಲ್ಲವಾದ್ದರಿಂದ ಹೆತ್ತೆ ಅದನ್ನು ತಡೆಯಲಿಲ್ಲ. ಅಂಗಳ ತುಂಬ ನಕ್ಕಳು.

"ಆ ದೊರೆ ಒಂದು ದಿನ ನೋಡಿ ಕಂಡುಕೊಂಡ. ನಾನು ಇಷ್ಟು ವರ್ಷ ತೊಳೆದೂ ತೊಳೆದೂ ಕಂಡುಕೊಳ್ಳಲಿಲ್ಲ. ಮಣೀ, ಬಂದವನು ಬರಿಗೈಲಿ ಹೋಗಬೇಡ, ಬಾಗಿಲಿಗೆ ಬಣ್ಣ ಹೊಡಿ."

"ಯಾವ ಬಣ್ಣ ಪಾಟಿ?"

"ಹಸಿರು," ಎಂದಳು ಅತ್ತೆ, ಯಾರೂ ಬಾಯಿ ತೆರೆಯುವ ಮೊದಲು.

ಪಟ ಹೊರಮನೆಗೆ ಬಂತು, ಒಳಗೆ ಕಾಲಿಟ್ಟವರ ಎದುರಿಗೆ. ಮದುವೆಗೆ ಬಂದವರಿಗೆ ಅತ್ತೆಯೇ ವಿವರಿಸುವವಳಾದಳು; ನಂಬದವರನ್ನು ಅಂಗಳದ ಕಲ್ಲಿನ ಮೇಲೆ ಕೂರಿಸಿ ಕನ್ನಡಿ ಕೊಟ್ಟಳು. ಹಸಿರನ್ನು ಮೊದಲು ಕಂಡವಳು ತಾನೇ ಎಂದು ಆಗಲೇ ಹೇಳತೊಡಗಿದ್ದಳು, ಈಗಲೂ ಹೇಳುತ್ತಾಳೆ. ತಾಂತ್ರಿಕವಾಗಿ ಅದು ಸುಳ್ಳಲ್ಲ, ಅವಳ ಗಲ್ಲವೇ ಅದು. ನಾನು ತಕರಾರು ಎತ್ತಿಲ್ಲ.

ನಮ್ಮಲ್ಲಿ ಹೊಸ ಸೊಸೆ ಬಂದ ಮೇಲೆ ಊರ ನೀರಿಗೆ ಹೋಗಿ ಒಂದು ಬಿಂದಿಗೆ ತುಂಬಿಕೊಂಡು ಬರಬೇಕು. ಆ ನೀರು ಒಳಗೆ ಬಂದರೆ ಅವಳು ಈ ಮನೆಯವಳು. ಚಿಕ್ಕಮ್ಮ ಹೋದಳು, ಹೆಂಗಸರೆಲ್ಲ ಹಿಂದೆ ಹೋದರು, ನಾನೂ ಹೋದೆ. ಹಿಂದಿನ ದಿನದ ಮಳೆಗೆ ದಾರಿ ಜಾರುತ್ತಿತ್ತು. ತುಂಬಿದ ಬಿಂದಿಗೆಯೊಂದಿಗೆ ಏರಿ ಬರುವಾಗ ಅವಳ ಕಾಲು ಜಾರಿತು. ಬಿಂದಿಗೆ ಬಿಡಲಿಲ್ಲ ಪುಣ್ಯಾತ್ಗಿತ್ತಿ, ಒಂದು ಕೈಯನ್ನು ಕೆಸರಿಗೆ ಊರಿ ಎದ್ದಳು. ಮೊಣಕೈವರೆಗೆ ಕೆಂಪು ಮಣ್ಣು. ಹಿಂದಿನ ಹೆಂಗಸರಲ್ಲಿ ಯಾರೋ ಕಿಸಕ್ಕೆಂದರು. ನಮ್ಮ ಹಸಿರು ಬಾಗಿಲ ಮುಂದೆ ನಿಂತು, ಎರಡು ಕಡೆಯ ಅಷ್ಟೂ ಕಣ್ಣುಗಳ ಎದುರು, ಅವಳು ಆ ಕೈಯನ್ನು ಹೊಸ ಬಿಳಿ ಬಟ್ಟೆಯ ಮಡಿಕೆಯಲ್ಲಿ ಅಡಗಿಸಲು ನೋಡುತ್ತಿದ್ದಳು. ಕಣ್ಣಲ್ಲಿ ನೀರು ಬಂದೇ ಬಿಟ್ಟಿತ್ತು.

ಹೆತ್ತೆ ಮೆಟ್ಟಿಲಿಳಿದು ಬಂದು ಬಿಂದಿಗೆಗೆ ಕೈ ಕೊಡಲಿಲ್ಲ. ಆ ಮಣ್ಣಿನ ಕೈಯನ್ನು ಹಿಡಿದು ಬಟ್ಟೆಯಿಂದ ಹೊರಗೆ ತೆಗೆದಳು, ಎಲ್ಲರಿಗೂ ಕಾಣುವ ಹಾಗೆ.

"ಅಡಗಿಸಬೇಡ, ಬಾ ಒಳಗೆ," ಎಂದಳು. "ಈ ಮನೆಯಲ್ಲಿ ಅದಕ್ಕೆ ಚೌಕಟ್ಟು ಕಟ್ಟಿಸಿ ಹಾಕಿದ್ದೀವಿ."